ಹಂಚಿಕೊಂಡ ಮಾತ್ರೆ

ಬಿಂದು ತೊಟ್ಟಿಲಲ್ಲಿದ್ದಾಗಲೇ ಗುತ್ಯಮ್ಮ ತಂಗಿ ಹುಲಿಯಮ್ಮನಿಗೆ ಮಾತು ಕೊಟ್ಟಿದ್ದಳು: "ನಿನ್ನ ಮಗಳನ್ನ ಹಸೆಗೆ ಕರೆಯೋ ಹಾಡು ನನ್ನ ಬಾಯಿಂದ್ಲೇ." ಮಗಳ ಮದುವೆ ನೋಡಲು ಹುಲಿಯಮ್ಮ ಉಳಿಯಲಿಲ್ಲ, ಮಾತು ಉಳಿಯಿತು.

ಈಗ ಇಕ್ಕೇರಿ ಸುತ್ತಿನ ಮದುವೆಗಳಲ್ಲಿ ಡಿಜೆ ಮೊದಲು, ಹಾಡು ಆಮೇಲೆ. ಆದರೂ ಬಿಂದುವಿನದು ಒಂದೇ ಹಠ: "ದೊಡ್ಡಮ್ಮ ಹಾಡ್ಲೇಬೇಕು."

ಮದುವೆಗೆ ವಾರವಿರುವಾಗ ದೊಡ್ಡಮ್ಮನಿಗೆ ಉಗುಳು ನುಂಗಲಾಗದಷ್ಟು ಗಂಟಲು ನೋವು, ಮೈತುಂಬ ಜ್ವರ. ಕಾಳುಮೆಣಸಿನ ಕಷಾಯ ಸೋತ ಮೇಲೆ ಗಂಡ ರವೀಂದ್ರ ಬೈಕಿನಲ್ಲಿ ಸಾಗರಕ್ಕೆ ಕರೆದೊಯ್ದ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗಂಟಲಿಗೆ ಹತ್ತಿಕಡ್ಡಿ ಸವರಿ ಪರೀಕ್ಷೆ ಮಾಡಿಸಿದರು.

"ಇದು ಥಂಡಿ ಅಲ್ಲಮ್ಮ. ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾ. ನೋವು ಹೋಯ್ತು ಅಂತ ಮಾತ್ರೆ ನಿಲ್ಲಿಸಬೇಡಿ, ಪೂರ್ತಿ ಮುಗಿಸಿ. ಅರ್ಧಕ್ಕೆ ಬಿಟ್ರೆ ಮುಂದೆ ಹೃದಯಕ್ಕೇ ತೊಂದರೆ ಆಗಬಹುದು."

"ಗಂಟಲಿಗೂ ಹೃದಯಕ್ಕೂ ಎಂಥ ಸಂಬಂಧನೋ!" ಬೈಕು ಹತ್ತುತ್ತ ಗುತ್ಯಮ್ಮ ಪಿಸುಗುಟ್ಟಿದಳು.

ಎರಡೇ ದಿನಕ್ಕೆ ಗಂಟಲು ಬಿಟ್ಟಿತು. ಜೊತೆಗೆ ಹಾಡುವ ಹೆಂಗಸರು ಅಭ್ಯಾಸಕ್ಕೆಂದು ಬಂದು ಜಗಲಿಯಲ್ಲಿ ಕೂತರು. ಹಸೆ ಹಾಡಿನಲ್ಲಿ ಒಬ್ಬಳು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿದು ಮುಂದೆ ಸಾಗಿಸಬೇಕು. ಒಂಟಿ ಗಂಟಲಿಗೆ ಅಲ್ಲಿ ಬೆಲೆಯಿಲ್ಲ. ಅಂಥ ಹೊತ್ತಲ್ಲಿ ಎಲ್ಲರಿಗೂ ಕೆಮ್ಮು.

"ನಂಗೂ ಗಂಟ್ಲು ಕೆರೀತದೆ ಕಣೇ," ಎಂದಳು ನೆರೆಮನೆಯ ಆಶಾ.

ಗುತ್ಯಮ್ಮ ಒಳಗಿಂದ ಮಾತ್ರೆಯ ಹಾಳೆ ತಂದು ಕತ್ತರಿಯಲ್ಲಿ ಕತ್ತರಿಸಿ ಎಲ್ಲರ ಕೈಗೂ ಇಟ್ಟಳು. "ತಗಳ್ರೇ, ನಂದು ವಾಸಿ ಆತು. ಡಾಕ್ಟ್ರು ಪರೀಕ್ಷೆ ಮಾಡಿ ಕೊಟ್ಟಿದ್ದು!"

"ಅದು ಮಾತ್ರೆ ಮಾರಾಯ್ತಿ, ಎಲೆಅಡಿಕೆ ಅಲ್ಲ!" ರವೀಂದ್ರ ಅಂಗಳದಿಂದ ಕೂಗಿದ.

"ಇವರ ಗಂಟ್ಲು ಕಟ್ಟಿದ್ರೆ ನಿಮ್ಮನ್ನ ಕೂರಿಸ್ಕೊಂಡು ಹಾಡ್ಲಾ? ಸುಮ್ನಿರಿ."

ಅವರದೆಲ್ಲ ಬರೀ ಥಂಡಿ. ಮಾತ್ರೆ ಇಲ್ಲದಿದ್ದರೂ ಹೋಗುವಂಥದ್ದು, ಹೋಯಿತು. ಗುತ್ಯಮ್ಮನದು ಹೋದಂತೆ ಮಾಡಿ ತಿರುಗಿ ಬಂತು. ಮದುವೆಯ ಬೆಳಿಗ್ಗೆ ಗಂಟಲು ಊದಿ ನೀರೂ ಇಳಿಯದಾಯಿತು.

ಹೊಸನಗರದ ಮದುವೆ ಮಂಟಪದಲ್ಲಿ ಆಶಾ ಅವಳ ಕಿವಿಯ ಹತ್ತಿರ ಬಂದಳು. "ನಿನ್ನ ಮಾತ್ರೆ ಭಾರೀ ಚಲೋ ಉಂಟು ಗುತ್ಯಕ್ಕ! ನನ್ನ ಸ್ವರ ಹೆಂಗೆ ಬಿಟ್ಟಿದೆ ನೋಡು."

ಹಸೆಗೆ ಕರೆಯುವ ಹೊತ್ತಾಯಿತು. ಗುತ್ಯಮ್ಮ ಹಾಡಲು ಬಾಯಿ ತೆರೆದಳು. ಗಾಳಿ ಬಂತು, ಸ್ವರ ಬರಲಿಲ್ಲ. ಬಿಂದು ಒಳಬಾಗಿಲಲ್ಲಿ ನಿಂತು ದೊಡ್ಡಮ್ಮನನ್ನೇ ನೋಡಿದಳು. ಪುರೋಹಿತರು ಗಡಿಯಾರ ನೋಡಿದರು. ಆಶಾ ಸಾಲು ಎತ್ತಿದಳು, ಉಳಿದವರು ಹಿಡಿದರು, ಬಿಂದು ತಲೆ ತಗ್ಗಿಸಿಕೊಂಡು ಬಂದು ಹಸೆಯ ಮೇಲೆ ಕೂತಳು.

ಹುಲಿಯಮ್ಮನಿಗೆ ಕೊಟ್ಟ ಮಾತು ನಡೆಯಲಿಲ್ಲ.