ನಮಾಜಿನ ಪಟ್ಟಿ

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಅದು ನನ್ನಂಥವಳಿಗೇ. ಹತ್ತನೇ ತರಗತಿಯ ಹುಡುಗಿಯರಿಗೆ ಧರ್ಮ ಕಲಿಸುವ ಟೀಚರ್ ನಾನು. ನಮಾಜಿನ ಪಟ್ಟಿ ನನ್ನ ತಲೆಯಲ್ಲೇ ಹುಟ್ಟಿದ್ದು. ದಿನಕ್ಕೆ ಐದು ಚೌಕ, ವಾರಕ್ಕೆ ಮೂವತ್ತೈದು. ಮಾಡಿದ ನಮಾಜಿಗೊಂದು ಗುರುತು, ಕೆಳಗೆ ಅಪ್ಪನ ಸಹಿ, ಅದನ್ನು ನೋಡಿ ನಡತೆಯ ಅಂಕ. ನಡತೆಯಲ್ಲಿ ಫೇಲಾದವಳಿಗೆ ಶಾಲೆಯಲ್ಲಿ ಜಾಗವಿಲ್ಲ ಎಂಬ ನಿಯಮವನ್ನೂ ಹೆಡ್‌ಮಾಸ್ಟರ ಹತ್ತಿರ ಹಟ ಹಿಡಿದು ಮಾಡಿಸಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೂವತ್ತೊಂಬತ್ತು ಹುಡುಗಿಯರ ಪಟ್ಟಿ ಸದಾ ಭರ್ತಿ. ಮಾತೇ ಆಡದ ಒಬ್ಬಳಿದ್ದಳು, ಎಲ್ಲರೂ ಮೂಗಿ ಅನ್ನುತ್ತಿದ್ದರು. ಅವಳದ್ದು ಮಾತ್ರ ಪ್ರತಿ ತಿಂಗಳೂ ಐದಾರು ದಿನ ಖಾಲಿ. ಆ ವಾರ ಅಪ್ಪನ ಸಹಿಯೂ ಇರುತ್ತಿರಲಿಲ್ಲ. ಎಲ್ಲರೆದುರು ನಿಲ್ಲಿಸಿ, ಸೋಮಾರಿ ಎಂದು ಬೈದೆ. ಫೇಲು ಮಾಡಿದೆ.

ಅವಳ ಹೆಸರು ತೆಗೆಯುವ ಹಿಂದಿನ ದಿನ ಅವಳಮ್ಮ ಸ್ಟಾಫ್‌ರೂಮಿಗೆ ಬಂದಳು. ಬಾಗಿಲು ಮುಂದೆ ಮಾಡಿದಳು.

"ಟೀಚರ್, ಮುಟ್ಟಿನ ದಿನ ಹೆಣ್ಣುಮಕ್ಕಳಿಗೆ ನಮಾಜ್ ಇಲ್ಲ ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ?"

ನೆಲ ಬಾಯಿ ಬಿಡಬಾರದೇ ಅನಿಸಿತು. ಆ ಪಾಠ ಮಾಡಿದವಳೇ ನಾನು. ಹಾಗಾದರೆ ಮಿಕ್ಕವರು? ಅಪ್ಪ ನೋಡುವ ಕಾಗದದಲ್ಲಿ ಖಾಲಿ ಬಿಡಲು ನಾಚಿ ಸುಳ್ಳು ತುಂಬಿದ್ದರು. ಅವರಿಗೆಲ್ಲ ನಾನು ಪೂರ್ತಿ ಅಂಕ ಕೊಟ್ಟಿದ್ದೆ.

ಹೆಡ್‌ಮಾಸ್ಟರ ಕೋಣೆಗೆ ಓಡಿದೆ. ನನ್ನ ತಂದೆಯ ವಯಸ್ಸಿನವರು. ಆ ಮಾತು ಮಾತ್ರ ನಾಲಿಗೆಗೆ ಬರಲೇ ಇಲ್ಲ.

"ಅವಳನ್ನ ಉಳಿಸ್ಕೊಳ್ಳಿ ಸರ್, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಷ್ಟೇ ಗೋಗರೆದೆ.

"ನಿಯಮ ನಿಮ್ಮದೇ ಅಲ್ವೇನಮ್ಮ? ತುಂಬಿದ ಪಟ್ಟಿ ತಂದು ತೋರಿಸಿ, ಉಳಿಸ್ಕೊಳ್ಳೋಣ," ಎಂದರು.

ಹುಡುಗಿಯನ್ನು ಕರೆಸಿ ಹಳೆಯ ಪಟ್ಟಿಗಳನ್ನು ಮುಂದಿಟ್ಟೆ. ಪೆನ್ನು ಕೊಟ್ಟೆ.

"ತುಂಬು ಮಗಳೇ."

"ಮಾಡಿಲ್ವಲ್ಲ, ಟೀಚರ್."

"ಗೊತ್ತು ಕಣೇ. ನಾನೇ ಹೇಳ್ತಿದೀನಿ, ತುಂಬು."

ಅವಳು ಒಂದೊಂದೇ ಚೌಕ ತುಂಬಿದಳು. ನಾನು ಹೇಳದೆಯೇ ಅಪ್ಪನ ಸಹಿಯನ್ನೂ ತಾನೇ ಹಾಕಿದಳು. ನಾನು ಬೇಡ ಅನ್ನಲಿಲ್ಲ.

ಶಾಲೆಯಲ್ಲಿ ಉಳಿದಳು. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹೊಸ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟಳು. ಮೂವತ್ತೈದೂ ಭರ್ತಿ, ಸಹಿ ಸಮೇತ. ಮೇಲಿದ್ದ ತಾರೀಖು ನೋಡಿದೆ. ಆ ವಾರ ಅಂದು ತಾನೇ ಶುರುವಾಗಿತ್ತು.