ಬೆಂಚಿನ ಸಂಘದವರು

ಹಳೇಬೀಡಿನ ಕಡೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಇಂದ್ರೇಶನಿಗೆ ಬೆಂಚಿನ ಸಂಘದ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ಬೋರ್ಡಿನ ಮೇಲೆ ಸಂಘಕ್ಕೆ ‘ಪೊಲೀಸ್ ನಾಗರಿಕ ನಿಗಾ ವೇದಿಕೆ’ ಎಂಬ ಉದ್ದನೆಯ ಹೆಸರಿದೆ. ಆ ಹೆಸರಿನಿಂದ ಅದನ್ನು ಯಾರೂ ಕರೆದದ್ದಿಲ್ಲ. ಯಾರನ್ನಾದರೂ ವಿಚಾರಣೆಗೆಂದು ಎಳೆದುಕೊಂಡು ಹೋದ ಸುದ್ದಿ ಸಿಕ್ಕರೆ ಸಾಕು, ಸಂಘದ ಇಬ್ಬರು ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತಾರೆ. ಘೋಷಣೆಯಿಲ್ಲ, ಜಗಳವಿಲ್ಲ, ಠಾಣೆಯ ಕಾಫಿಯನ್ನೂ ಮುಟ್ಟುವುದಿಲ್ಲ. ಒಳಗಿದ್ದವರು ಮನೆಗೋ ನ್ಯಾಯಾಧೀಶರ ಮುಂದಕ್ಕೋ ಹೋಗುವ ತನಕ ಏಳುವುದೂ ಇಲ್ಲ. ಅಯ್ಯೋ, ಇದೇನು ಮಹಾ ಅನ್ನುತ್ತೀರಾ? ಹೊರಗೆ ಇಬ್ಬರು ಸುಮ್ಮನೆ ಕೂತಿದ್ದರೆ ಒಳಗೆ ಲಾಠಿ ಎತ್ತಲು ಎಂಥ ಗಟ್ಟಿಗನಿಗೂ ಕೈ ಬರುವುದಿಲ್ಲ, ಬೇಕಾದರೆ ಯಾವ ಪೊಲೀಸನನ್ನಾದರೂ ಕೇಳಿ ನೋಡಿ.

ಸಂಘ ಕಟ್ಟಿದವರು ಅರಸೀಕೆರೆಯ ಶಾಂತಾದೇವಿ, ಕೊಬ್ಬರಿ ವ್ಯಾಪಾರದ ಮನೆಯವರು. ಅರವತ್ತು ದಾಟಿದೆ, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಹಣೆ ತುಂಬ ವಿಭೂತಿ ಧರಿಸಿ, ಬೆಂಚಿನ ಮೇಲೆ ಕೂತು, ಹತ್ತಿ ಬಿಡಿಸಿ ಹೂಬತ್ತಿ ಹೊಸೆಯುತ್ತಿರುತ್ತಾರೆ. “ಅಮ್ಮ ಬತ್ತಿ ಇಡಕ್ಕೆ ಬಂದವ್ರೆ ನೋಡ್ರಲಾ” ಎಂದು ಇಂದ್ರೇಶ ತನ್ನ ಠಾಣೆಯಲ್ಲಿ ಎಷ್ಟೋ ಸಲ ಎಲ್ಲರನ್ನೂ ನಗಿಸಿದ್ದ. ಅವರಿಗೂ ಅದು ಕೇಳಿಸುತ್ತಿತ್ತು. ಕೇಳಿಸಿಕೊಂಡೇ ಬತ್ತಿ ಹೊಸೆಯುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಮಾದಿಹಳ್ಳಿಯಿಂದ ಅವ್ವನ ಫೋನು ಬಂತು. “ಇಂದ್ರ, ಶಶಿ ನಿನ್ನೆ ಬೆಳಗ್ಗೆ ಹೋದೋನು ಬಂದಿಲ್ಲ ಕಣೋ. ಅರಸೀಕೆರೆ ಕಡೆ ಪೊಲೀಸ್ನೋರು ಎತ್ತಾಕ್ಕೊಂಡ್ ಹೋದ್ರಂತೆ!”

ಶಶಿಕಿರಣ್ ಅವನ ತಮ್ಮ, ಗೂಡ್ಸ್ ಆಟೋ ಓಡಿಸುವವನು. ಹಿಂದಿನ ವಾರ ಅವನು ಲೋಡು ಇಳಿಸಿ ಬಂದ ಗೋಡೌನಿನಲ್ಲಿ ಕೊಬ್ಬರಿ ಮೂಟೆ ಕಳುವಾಗಿದ್ದವು. ಒಳಗೆ ಏನಾಗುತ್ತಿರಬಹುದು ಎಂದು ಬೇರೆಯವರು ಊಹೆ ಮಾಡಬೇಕು, ಇಂದ್ರೇಶನಿಗೆ ಗೊತ್ತಿತ್ತು.

ಯೂನಿಫಾರ್ಮಿನಲ್ಲೇ ಬೈಕ್ ಹತ್ತಿದ. ಇಲಾಖೆಯವನು ಅಂದರೆ ಕೂರಿಸಿ, ಕಾಫಿ ಕೊಟ್ಟು, ತಮ್ಮನನ್ನು ಜೊತೆಗೆ ಕಳಿಸುತ್ತಾರೆ ಎಂದುಕೊಂಡಿದ್ದ. ಪೊಲೀಸನಾದವನು ಮಾತ್ರ ಮಾಡಬಲ್ಲ ತಪ್ಪು ಅದು. ಆ ಠಾಣೆ ಯಾವುದು ಎಂಬ ಉಸಾಬರಿ ನಮಗೆ ಬೇಡ. ಅಲ್ಲಿನ ಸಬ್‌ಇನ್‌ಸ್ಪೆಕ್ಟರ್ ಶರತ್ಚಂದ್ರ ಅವನ ಸೆಲ್ಯೂಟ್ ತೆಗೆದುಕೊಂಡು ನಕ್ಕ.

“ನೀನು ನಮ್ಮವನೇ ಅಲ್ವೇನಯ್ಯಾ, ನಿನಗೂ ಹೇಳಿಕೊಡಬೇಕಾ? ಮೇಲಿಂದ ಒತ್ತಡ ಇದೆ. ಇನ್ನೆರಡು ದಿನ ಇರ್ಲಿ.”

“ಸಾರ್, ಇಪ್ಪತ್ನಾಲ್ಕು ಗಂಟೆ ಆಗೋಯ್ತು...”

“ಕಾನೂನು ಹೇಳ್ತೀಯಾ ನಂಗೆ? ಹೋಗು ಹೋಗು.”

ಬೇರೆ ಯಾರಾದರೂ ಆಗಿದ್ದರೆ ಕೂಗಾಡಬಹುದಿತ್ತು. ಇಂದ್ರೇಶ ಮತ್ತೊಂದು ಸೆಲ್ಯೂಟ್ ಹೊಡೆದು ಹೊರಗೆ ಬಂದ. ಗೇಟಿನ ಹತ್ತಿರ ನಿಂತಾಗ ಅವನಿಗೆ ನೆನಪಾದ ನಂಬರು ಒಂದೇ. ಆ ಹಾಳು ನಂಬರು ಅವನ ಠಾಣೆಯ ನೋಟಿಸ್ ಬೋರ್ಡಿನ ಮೇಲೂ ಇತ್ತು. ಶಾಂತಾದೇವಿ ಹಠ ಹಿಡಿದು ಅಂಟಿಸಿದ್ದು. ದಿನಾ ನೋಡಿ ಬೈದುಕೊಂಡು ಬಾಯಿಪಾಠವಾಗಿತ್ತು.

“ಅಮ್ಮಾ, ನಾನು ಇಂದ್ರೇಶ, ಹಳೇಬೀಡು ಕಡೆ ಹೆಡ್ ಕಾನ್‌ಸ್ಟೇಬಲ್ಲು...”

“ಗೊತ್ತಾಯ್ತು, ಹೇಳಪ್ಪ.”

ಹೇಳಿದ. ಅವರು ಕೇಳಿದ್ದು ಯಾವ ಠಾಣೆ ಎಂಬುದೊಂದನ್ನೇ.

ಸ್ವಲ್ಪ ಹೊತ್ತಿಗೆ ಬಂದ ಶಾಂತಾದೇವಿಗೆ ಆಟೋದಿಂದ ಇಳಿಯಲು ಅವನೇ ಕೈ ಕೊಡಬೇಕಾಯಿತು. “ಕಳುವಾದ ಗೋಡೌನು ನಮ್ಮ ಮೈದುನ ಷಡಕ್ಷರಪ್ಪಂದೇ” ಎಂದರು. “ನಾನಿಲ್ಲಿಗೆ ಹೊರಟೆ ಅಂತ ಕೋಪ ಮಾಡ್ಕೊಂಡವ್ನೆ. ಮಾಡ್ಕೊಳ್ಲಿ. ಕೊಬ್ಬರಿ ಸಿಗಬೇಕು ನಿಜ, ಅದಕ್ಕೆ ಇನ್ನೊಬ್ಬರ ಮೈ ಮುರೀಬೇಕೇನು? ಬನ್ನಿ, ಕೂರೋಣ. ನಮ್ಮ ಲಾಯರ್ ಪ್ರತಿಮಾ ಕೋರ್ಟಿಗೆ ಹೋಗವ್ಳೆ, ನ್ಯಾಯಾಧೀಶರಿಗೆ ತಿಳಿಸಕ್ಕೆ. ಇಬ್ಬರು ಕೂರೋದು ನಮ್ಮ ಕ್ರಮ. ಇನ್ನೊಬ್ಬರು ನೀವೇ.”

ಅಬ್ಬಾ, ಆ ಬೆಂಚು! ಹದಿನೈದು ವರ್ಷದ ನೌಕರಿಯಲ್ಲಿ ಅವನು ಯಾವ ಠಾಣೆಯಲ್ಲೂ ಬೆಂಚಿನ ಮೇಲೆ ಕೂತವನಲ್ಲ. ಒಳಗಿನ ಕಾನ್‌ಸ್ಟೇಬಲ್‌ಗಳು ಬಗ್ಗಿ ನೋಡಿ ಹಲ್ಲು ಕಿರಿದರು.

ಶಾಂತಾದೇವಿ ಮರ್ಯಾದೆಯಿಂದಲೇ ಕೇಳಿದರು. “ಒಳಗೆ ಯಾರ್ಯಾರಿದಾರೆ ಸಾರ್?”

“ಯಾರೂ ಇಲ್ಲಮ್ಮ” ಎಂದ ಶರತ್ಚಂದ್ರ.

“ಸರಿ ಸಾರ್. ಆ ಯಾರೂ ಇಲ್ಲದೋರು ಹೊರಗೆ ಬರೋವರೆಗೂ ಕೂತಿರ್ತೀವಿ.”

ಹತ್ತಿ ತೆಗೆದರು. ಇಂದ್ರೇಶನಿಗೆ ಅಷ್ಟು ಸಂಕಟದಲ್ಲೂ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಎಂಥ ಹೆಂಗಸು! ಇವನು ಆಡಿಕೊಂಡ ಮಾತುಗಳಲ್ಲಿ ಒಂದನ್ನಾದರೂ ಎತ್ತಿ ಆಡಬಹುದಿತ್ತು. ಅದರ ಬದಲು ಚೀಲದಿಂದ ಮಜ್ಜಿಗೆ ಬಾಟಲಿ ತೆಗೆದು “ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ, ಕುಡೀರಿ” ಎಂದರು. ಅವನು ಕುಡಿದ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ, ಮತ್ತು ಆ ಸದ್ದಿಲ್ಲದಿರುವುದು ಈ ಇಬ್ಬರು ಕೂತದ್ದರಿಂದಲೇ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಮಧ್ಯಾಹ್ನ ತಿರುಗುವ ಹೊತ್ತಿಗೆ ಶರತ್ಚಂದ್ರನಿಗೆ ಕೋರ್ಟಿನ ಕಡೆಯಿಂದ ಒಂದು ಫೋನು ಬಂತು. ಮಾತು ಮುಗಿಸಿದವನೇ ಶಶಿಕಿರಣನನ್ನು ತೋಳು ಹಿಡಿದು ಹೊರಗೆ ತಂದು ಬಿಟ್ಟ. “ಕರ್ಕೊಂಡು ಹೋಗಯ್ಯ ನಿನ್ನ ತಮ್ಮನ್ನ. ಕೇಸಿಲ್ಲ, ಏನಿಲ್ಲ. ಇವನು ಇಲ್ಲಿಗೆ ಬಂದೇ ಇರ್ಲಿಲ್ಲ, ಆಯ್ತಾ? ಈಯಮ್ಮನ್ನೂ ಎಬ್ಬಿಸ್ಕೊಂಡು ಹೊರಡು.”

ಇಂದ್ರೇಶ ತಮ್ಮನನ್ನು ತಬ್ಬಿಕೊಂಡ. ಬೆನ್ನು, ಕೈ, ಕಾಲು ಎಲ್ಲ ಮುಟ್ಟಿ ನೋಡಿದ. ಒಂದು ಗೀರೂ ಇರಲಿಲ್ಲ.

“ನನ್ನ ಮುಟ್ಟಿಲ್ಲ ಅಣ್ಣ” ಎಂದ ಶಶಿ. “ನಮ್ಮಣ್ಣ ಪೊಲೀಸು ಅಂತ ನಿನ್ನ ಹೆಸರು ಹೇಳ್ದೆ. ಅದಕ್ಕೇ ರಾತ್ರಿ ನನ್ನ ಪಾಲಿನ ಏಟನ್ನೂ ಹುಚ್ಚಣ್ಣನಿಗೇ ಕೊಟ್ರು.”

ಹುಚ್ಚಣ್ಣ ಅಂದರೆ ಗೆಂಡೆಹಳ್ಳಿಯ ಹಮಾಲಿ, ಶಶಿಯ ಗಾಡಿಗೆ ಮೂಟೆ ಹೇರುವವನು. ಅವನೂ ಒಳಗಿದ್ದಾನೆಂಬುದು ಇಂದ್ರೇಶನಿಗೆ ತಿಳಿದದ್ದೇ ಆಗ. ಅವನಿಗೋಸ್ಕರ ಯಾರೂ ಬಂದಿರಲಿಲ್ಲ.

ಶಾಂತಾದೇವಿಯ ಕೈ ಒಂದು ಕ್ಷಣ ನಿಂತಿತು. “ನೀವು ತಮ್ಮನ್ನ ಕರ್ಕೊಂಡು ಹೋಗ್ಬನ್ನಿ. ತಾಯಿ ಕಾಯ್ತಿರ್ತಾರೆ. ನಾನು ಹುಚ್ಚಣ್ಣನಿಗೆ ಕೂತಿರ್ತೀನಿ” ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ಹೊರಟುಹೋಗುತ್ತಿದ್ದ.

ಬೈಕಿನ ತನಕ ಹೋದ, ಕೀಲಿಯನ್ನೂ ಹಾಕಿದ. ನೌಕರಿ, ಬಡ್ತಿ, ಹಾಸನದ ಶಾಲೆಯಲ್ಲಿ ಓದುತ್ತಿರುವ ಮಗಳು, ಎಲ್ಲ ತಲೆಯೊಳಗೆ ಬಂದವು. ಅವ್ವನಿಗೆ ಫೋನು ಮಾಡಿ “ಶಶಿ ಸಿಕ್ಕಿದ, ಬತ್ತೀವಿ, ಸ್ವಲ್ಪ ತಡ ಆಗ್ತದೆ” ಎಂದ. ಕೀಲಿ ತೆಗೆದುಕೊಂಡು ತಮ್ಮನ ಜೊತೆ ವಾಪಸು ಬಂದು ಕೂತ.

“ಏನಯ್ಯಾ, ನೌಕರಿ ಬೇಡ್ವಾ ನಿಂಗೆ?” ಶರತ್ಚಂದ್ರ ಬಾಗಿಲಲ್ಲೇ ಗದರಿದ.

“ಬೇಕು ಸಾರ್” ಎಂದ ಇಂದ್ರೇಶ. “ಆದ್ರೆ ಒಳಗೆ ಹುಚ್ಚಣ್ಣ ಅವ್ನೆ. ಅವನನ್ನ ನ್ಯಾಯಾಧೀಶರ ಮುಂದೆ ನಿಲ್ಲಿಸಿ. ಅಲ್ಲೀವರೆಗೂ ನಾನು ಏಳಲ್ಲ.”

ಸ್ವಲ್ಪ ಹೊತ್ತಿಗೆ ಪ್ರತಿಮಾ ಬಂದಳು. ನ್ಯಾಯಾಧೀಶರು ಒಳಗಿರುವವರನ್ನು ಈಗಲೇ ಕರೆತರಲು ಹೇಳಿದ್ದರು. ಇನ್ನು ಶರತ್ಚಂದ್ರನಿಗೆ ಬೇರೆ ದಾರಿಯಿರಲಿಲ್ಲ. ಹುಚ್ಚಣ್ಣ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಮೆಟ್ಟಿಲಿಳಿಯಲಾರದೆ ತತ್ತರಿಸಿದಾಗ ಇಂದ್ರೇಶ ಎದ್ದು ಕೈ ಚಾಚಿದ. ಖಾಕಿ ತೋಳು ಕಂಡದ್ದೇ ಹುಚ್ಚಣ್ಣ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಸಿದ. “ಬ್ಯಾಡ ಸಾಮಿ, ಬ್ಯಾಡ. ನಾನೇ ಕದ್ದೆ ಅಂತ ಹೇಳ್ತೀನಿ.”

ಇಂದ್ರೇಶನ ಕೈ ಅಲ್ಲೇ ನಿಂತಿತು.

ಶಾಂತಾದೇವಿ ನೋವಿನ ಮೊಣಕಾಲನ್ನು ಊರಿ ಹುಚ್ಚಣ್ಣನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. “ಹೆದರಬ್ಯಾಡ ಕಣಪ್ಪ. ಇವರು ಹೊಡೆಯೋರಲ್ಲ. ನಿನಗೋಸ್ಕರ ಕೂತಿರೋರು.”

ಹುಚ್ಚಣ್ಣ ಬೆರಳ ಸಂದಿಯಿಂದ ನೋಡಿದ. ನಂಬಲಿಲ್ಲ. ಯಾಕೆ ನಂಬಬೇಕು?

ಇಂದ್ರೇಶ ಅವನೆದುರು ಕುಕ್ಕರಗಾಲಲ್ಲಿ ಕೂತ. “ನಾನು ಬಂದಿದ್ದು ನನ್ನ ತಮ್ಮನಿಗೋಸ್ಕರ ಹುಚ್ಚಣ್ಣ. ನಿನಗೋಸ್ಕರ ಕೂತಿದ್ದು ಈಗ ಸ್ವಲ್ಪ ಹೊತ್ತಿಂದ ಅಷ್ಟೆ” ಎಂದ. “ಕೋರ್ಟಿಗೆ ನಾನೂ ಬತ್ತೀನಿ. ನೋಡಿದ್ದನ್ನ ಹೇಳ್ತೀನಿ.”

ಹುಚ್ಚಣ್ಣ ತಲೆಯ ಮೇಲಿನ ಕೈಗಳಲ್ಲಿ ಒಂದನ್ನು ನಿಧಾನವಾಗಿ ಇಳಿಸಿದ.