ಕಾದ ಕಲ್ಲು

ಅವಳ ಹತ್ತಿರ ಎರಡನೇ ಕಲ್ಲಿನ ಬಿಲ್ಲೆ ಇರಲಿಲ್ಲ. ಸಮುದ್ರದ ತಳ ಕೊರೆದು ತಂದ ಕಲ್ಲಿನಲ್ಲಿ ಅವಳ ಪಾಲಿಗೆ ಉಳಿದದ್ದು ಒಂದೇ ಬಿಲ್ಲೆ, ಮುಷ್ಟಿಯಲ್ಲಿ ಅಡಗುವಷ್ಟು. ಭೂಮಿಯ ಒಂದು ಹಾಸು ಇನ್ನೊಂದರ ಅಡಿಗೆ ನುಗ್ಗುವ ಜಾಗದ ಜೇಡಿಕಲ್ಲು. ತಣ್ಣಗಿದ್ದರೆ ಅದು ಸದ್ದಿಲ್ಲದೆ ಜಾರುತ್ತದೆ. ಆಳಕ್ಕಿಳಿದು ಬಿಸಿಯೇರಿದರೆ ಕಚ್ಚಿಕೊಂಡು ನಿಂತು, ಒಮ್ಮೆಲೇ ಕಿತ್ತುಕೊಳ್ಳುತ್ತದೆ, ಆಗ ಮೇಲಿನ ಊರುಗಳು ಅಲುಗುತ್ತವೆ ಎಂಬುದು ಅವಳ ವಾದ. ಅದಕ್ಕೆ ಇನ್ನೂರು ಡಿಗ್ರಿಗೆ ಕಾಯಿಸಿ ಉಜ್ಜಿ ನೋಡಿದ ಪುರಾವೆ ಬೇಕಿತ್ತು. ಒಮ್ಮೆ ಉಜ್ಜಿದ ಬಿಲ್ಲೆ ಮತ್ತೆ ಕೆಲಸಕ್ಕೆ ಬಾರದು.

"ನಾಳೆ ಸಮಿತಿ ಕೂರುತ್ತೆ. ಬಿಸಿ ಕಲ್ಲಿನ ಫಲಿತಾಂಶ ಇಲ್ಲ ಅಂದ್ರೆ ನಿನ್ನ ಜಾಗ ಬೇರೆಯವರಿಗೆ," ಎಂದು ಸಂಶೋಧನೆಗೆ ಮಾರ್ಗದರ್ಶಕರಾದ ಮೇಷ್ಟ್ರು ಮಧ್ಯಾಹ್ನದವರೆಗೂ ಅವಳ ತಲೆ ತಿಂದರು. ಬಿಟ್ಟ ಕೂಡಲೇ ಪ್ರಯೋಗಾಲಯಕ್ಕೆ ಓಡಿದಳು.

ಅವಳ ಮೇಜಿಗೂ ಕಲ್ಲು ಕಾಯಿಸಿ ಉಜ್ಜುವ ಯಂತ್ರಕ್ಕೂ ನಡುವೆ ದಪ್ಪ ಗಾಜು. ಆಚೆ ಯಂತ್ರ ನೋಡಿಕೊಳ್ಳುವ ಕುಲುಮೆಯಣ್ಣ ಕೈ ಒರೆಸಿಕೊಳ್ಳುತ್ತಿದ್ದ. ಅವಳು ಮೈಕ್ ಒತ್ತಿದಳು.

"ಅಣ್ಣಾ, ಕಲ್ಲು ಕಾದಿದೆಯಾ?"

"ಚೆನ್ನಾಗೇ ಕಾದಿದೆ ಕಣಮ್ಮಾ, ಬೆಳಗಿನಿಂದ. ನೀನೇ ಪತ್ತೆ ಇಲ್ಲ."

ನಗುತ್ತಾ ಊಟಕ್ಕೆ ಹೋದ. ಪರದೆಯ ಮೇಲೆ ಇನ್ನೂರು ಎಂದಿತ್ತು. ಅದು ಕುಲುಮೆಯ ಗೋಡೆಯ ಬಿಸಿ. ಕಲ್ಲಿನ ಒಡಲಿನ ಬಿಸಿ ಹೇಳುವ ತಂತಿ ಹೋದ ವಾರವೇ ಸುಟ್ಟಿತ್ತು. ಬೆಳಗಿನಿಂದ ಕಾದಿದ್ದರೆ ಒಳಗೂ ಅಷ್ಟೇ ಇರುತ್ತದೆಂದು ಅವಳು ಗುಂಡಿ ಒತ್ತಿದಳು.

ಪರದೆಯಲ್ಲಿ ಗರಗಸದ ಹಲ್ಲಿನಂತೆ ಏರಿಳಿಯಬೇಕಿದ್ದ ಗೆರೆ ಎಣ್ಣೆ ಸವರಿದಂತೆ ನುಣ್ಣಗೆ ಹರಿಯಿತು. ಕಲ್ಲು ಒಂದೇ ಒಂದು ಸಲವೂ ಕಚ್ಚಲಿಲ್ಲ. ತನ್ನ ವಾದವೇ ಸುಳ್ಳೇನೋ ಎಂದು ಅವಳು ಗೆರೆಯನ್ನು ಮೊದಲಿನಿಂದ ಮತ್ತೆ ನೋಡಿದಳು.

ಕುಲುಮೆಯಣ್ಣ ಬಾಯಿ ಒರೆಸಿಕೊಳ್ಳುತ್ತಾ ಬಂದ. ತಿರುಗುತ್ತಿದ್ದ ಯಂತ್ರ ಕಂಡು ನಿಂತ.

"ಶುರು ಮಾಡ್ಬಿಟ್ಯಾ? ಊಟಕ್ಕೆ ಹೋಗೋ ಮುಂಚೆ ತಾನೇ ಉರಿ ಹಾಕಿದ್ದೆ. ಒಳಗಡೆ ಬಿಸಿ ಹತ್ತೋಕೆ ಸಂಜೆ ಆಗುತ್ತಲ್ಲ."

"ಬೆಳಗಿನಿಂದ ಕಾದಿದೆ ಅಂದ್ಯಲ್ಲ."

"ನಿನಗೋಸ್ಕರ ಕಾದಿದೆ ಅಂದೆ ಕಣೇ. ತಮಾಷೆಗೆ."

ಅವಳು ಯಂತ್ರ ನಿಲ್ಲಿಸಿ ಗಾಜಿನ ಆಚೆಗೆ ಹೋದಳು. ಇಬ್ಬರೂ ಸೇರಿ ಮುಚ್ಚಳ ಬಿಚ್ಚಿದರು. ಒಳಗೆ ಉಗುರುಬೆಚ್ಚಗಿನ ಬೂದು ಪುಡಿ. ಅವನು ಅದನ್ನು ಬ್ರಷ್‌ನಿಂದ ಡಬ್ಬಿಗೆ ಗುಡಿಸಿ, ಚೀಟಿ ಅಂಟಿಸಲು ಹೋಗಿ, ಏನು ಬರೆಯುವುದೆಂದು ತಿಳಿಯದೆ ಹಾಗೇ ಇಟ್ಟ.

ಮರುದಿನ ಸಮಿತಿಯವರಿಗೆ ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಒಬ್ಬರು ನಕ್ಕರು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಸಂಜೆಗೆ ಮೇಜು ಖಾಲಿ ಮಾಡುವಂತೆ ಸಮಿತಿಯವರು ಹೇಳಿ ಕಳಿಸಿದರು.

ಹೋದದ್ದು ಒಂದು ಬಿಲ್ಲೆ ಕಲ್ಲು, ನಾಲ್ಕು ವರ್ಷದ ದುಡಿಮೆ.